ಹೊಸಗಣ್ಣು ಟೊಪ್ಪಿಗೆ ಮತ್ತು ಕೋಟೆಬಾಗಿಲ ಕಾವಲುಗಾರ

"ನೋಡು ದಾಕ್ಷಿ, ಇವತ್ತಿಂದ ಜಗತ್ತಿನ್ಯಾಗ ಹಳೇದು ಅನ್ನೂದ ಇರೂದಿಲ್ಲ!"

ಚನ್ನವೀರ ಕಾಕಾ ನನಗೆ ಇಷ್ಟು ಹೇಳಿ ಯಂತ್ರವನ್ನು ತಲೆಗೆ ಏರಿಸಿಕೊಂಡರು. ಗದಗಿನಲ್ಲಿ ಮಿಕ್ಸರು, ಫ್ಯಾನು ರಿಪೇರಿ ಮಾಡುವ ನಮ್ಮ ಕಾಕಾ ಮುಚ್ಚಿಹೋದ ಬ್ಯೂಟಿ ಪಾರ್ಲರಿನಿಂದ ಕೂದಲು ಒಣಗಿಸುವ ದೊಡ್ಡ ಟೊಪ್ಪಿಗೆ ತಂದಿದ್ದರು. ಅದರ ಹಿಂದೆ ಮಿಕ್ಸರಿನ ಮೋಟರು, ಮುಂದೆ ಟಾರ್ಚಿನ ಗಾಜು, ನೆತ್ತಿಯ ಮೇಲೆ ಕುಕ್ಕರಿನ ಸೀಟಿ. ಸೀಟಿ ಯಾಕೆಂದು ಕೇಳಿದರೆ, "ಇರಲಿ ಬಿಡು, ಶೋಭಾ ಬರ್ತೈತಿ" ಎಂದರು.

ಯಂತ್ರದ ಹೆಸರು ಹೊಸಗಣ್ಣು. ಅದನ್ನು ಹಾಕಿಕೊಂಡು ಏನನ್ನು ನೋಡುತ್ತೇವೋ ಅದರ ಹಳೆಯ ಪರಿಚಯವೆಲ್ಲ ಒಂದು ತಾಸು ಅಳಿಸಿಹೋಗುತ್ತದಂತೆ. ಕಾಕಾ ಎದುರಿಗಿದ್ದ ತಾಟನ್ನು ನೋಡಿ ಗುಂಡಿ ಒತ್ತಿದರು. ಸೀಟಿ ಕೂಗಿತು. ಒಂದು ತುತ್ತು ಬಾಯಿಗೆ ಹಾಕಿಕೊಂಡವರೇ ಕುಣಿದಾಡಿಬಿಟ್ಟರು!

"ಆಹಾ! ಏನ್ ರುಚಿ! ಏನಂತಾರಿದಕ್ಕ?"

"ಅವಲಕ್ಕಿ!" ಎಂದರು ಕಾಶವ್ವ ಕಾಕು, ಸೊಂಟದ ಮೇಲೆ ಕೈಯಿಟ್ಟು. "ಇಪ್ಪತ್ತೆಂಟು ವರ್ಷ ಆತು, ದಿನಾ ಮುಂಜಾನೆ ಇದನ್ನ ತಿನ್ನಾಕತ್ತೀರಿ!"

"ಅ-ವ-ಲ-ಕ್ಕಿ! ಎಂಥಾ ಚಂದ ಹೆಸರು! ಯಾರ ಕೈಗುಣರೀ ಇದು?"

ಕಾಕುವಿನ ಮುಖ ಕೆಂಪಾಯಿತು. ಬೈಯಲು ತೆರೆದ ಬಾಯಿ ಮುಚ್ಚಿ, ಒಳಗೆ ಹೋಗಿ ಇನ್ನೊಂದು ತಾಟು ತಂದಿಟ್ಟರು.

ನನಗೂ ಆ ಟೊಪ್ಪಿಗೆ ಬೇಕಿತ್ತು. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿದ ಮೇಲೆ ನನಗೆ ಸಿಕ್ಕಿದ್ದ ಒಂದೇ ಕೆಲಸ, ವಾರಪತ್ರಿಕೆಯಲ್ಲಿ 'ಮೊದಲ ನೋಟ' ಎಂಬ ಅಂಕಣ. ಹೊಸ ವಿಡಿಯೋ ಗೇಮ್ ಬಂದಾಗ ಮೊದಲ ಅನಿಸಿಕೆ ಬರೆಯಬೇಕು. ಈಗ ಬಂದಿದ್ದು 'ಕೋಟೆಕಳ್ಳ' ಸರಣಿಯ ಒಂಬತ್ತನೆಯ ಭಾಗ. ಮೊದಲಿನ ಎಂಟನ್ನೂ ಆಡಿ ಮುಗಿಸಿದವಳಿಗೆ ಮೊದಲ ನೋಟ ಎಲ್ಲಿಂದ ಬರಬೇಕು? ಸಂಪಾದಕ ಕೊಪ್ಪದ ಸರ್ ಮುಂಜಾನೆಯೇ ಫೋನು ಮಾಡಿದ್ದರು.

"ನಿಮ್ಮ ಮೊದಲ ನೋಟ ಓದಿದ್ರ ಸಂತಾಪ ಸೂಚನಿ ಓದಿದಂಗ ಆಗ್ತೈತ್ರೀ. ಆರು ಗಂಟೇದೊಳಗ ತಾಜಾ ಬರದು ಕಳಸ್ರಿ. ಇಲ್ಲಂದ್ರ ಅಂಕಣ ಬ್ಯಾರೇದವರಿಗೆ."

ಈಗ ಸಂಜೆ ಐದಕ್ಕೆ ಹತ್ತು ನಿಮಿಷವಿತ್ತು. ಟಿವಿಗೆ ಆಟ ಹಚ್ಚಿದೆ. ಅದೇ ಕೋಟೆ, ಅದೇ ಕಂದಕ, ಬಾಗಿಲಲ್ಲಿ ಭರ್ಜಿ ಹಿಡಿದ ಅದೇ ಕಾವಲುಗಾರ. ಎಂಟು ಭಾಗಗಳಲ್ಲಿ ಅವನಿಗೆ ಇದ್ದದ್ದು ಒಂದೇ ಮಾತು: "ಯಾರದು ಅಲ್ಲಿ?" ಅಷ್ಟರಲ್ಲಿ ನಾನು ಗುಂಡಿ ಒತ್ತುತ್ತೇನೆ, ನಾನು ಆಡಿಸುವ ಕಳ್ಳ ಅವನ ತಲೆಗೆ ಬಾರಿಸುತ್ತಾನೆ, ಅವನು ಬೀಳುತ್ತಾನೆ. ಈ ಸಲ ಅವನಿಗೆ ಹೊಸ ಮೀಸೆ ಬಂದಿತ್ತು. ಆಟದೊಳಗಿನವರು ತಾವೇ ಯೋಚಿಸಿ ಕನ್ನಡದಲ್ಲಿ ಮಾತಾಡುತ್ತಾರೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ನನಗೆ ಆಕಳಿಕೆ ಬಂತು.

ಕಾಕಾ ಟೊಪ್ಪಿಗೆಯನ್ನು ನನ್ನ ತಲೆಗೆ ಕವಚಿ ಅದರ ಗುಂಡಿ ಒತ್ತಿದರು. "ಹೆಂಗ ಕಾಣತೈತಿ?"

"ಹಳೇದರಂಗ."

"ಕರೆಂಟ್ ಕಡಿಮಿ ಆತು!" ಎಂದವರೇ ಎರಡು ವಾಯರ್ ಕಿತ್ತು ಅದಲು ಬದಲು ಮಾಡಿ ಜೋಡಿಸಿದರು. "ಈಗ ನೋಡು ಮಜಾ!"

ಸೀಟಿ ಓಣಿಗೆಲ್ಲ ಕೇಳುವಂತೆ ಕೂಗಿತು. ಟೊಪ್ಪಿಗೆಯ ಬೆಳಕು ನನ್ನೊಳಗೆ ಬರುವ ಬದಲು ಹೊರಗೆ ಚಿಮ್ಮಿ ಟಿವಿಯ ಮೇಲೆ ಬಿತ್ತು. ಚಹಾ ಹಿಡಿದು ಟಿವಿ ನೋಡುತ್ತ ಅಡ್ಡ ಬಂದ ಕಾಕುವಿನ ಮೇಲೂ ಬಿತ್ತು!

ಒಂದು ಗಳಿಗೆ ಎಲ್ಲವೂ ಸ್ತಬ್ಧ. ನನಗೆ ಮೌನವೆಂದರೆ ಪ್ರೀತಿ. ಆದರೆ ಈ ಮೌನದಲ್ಲಿ ಸುಟ್ಟ ವಾಯರಿನ ವಾಸನೆಯಿತ್ತು.

ನಾನು ಆಟದ ಗುಂಡಿ ಒತ್ತಿದೆ. ಕಳ್ಳ ಕೈಯೆತ್ತಿದ. ಕಾವಲುಗಾರ ಬೀಳಲಿಲ್ಲ. ಪಕ್ಕಕ್ಕೆ ಸರಿದು, ಭರ್ಜಿ ಕೆಳಗಿಟ್ಟು, ಪರದೆಯ ಹತ್ತಿರ ಬಂದು ನನ್ನನ್ನೇ ನೋಡಿದ.

"ಪರಿಚಯವಾಗುವ ಮೊದಲೇ ಹೊಡೆತವೇ, ತಾಯಿ?"

ಬೆಳಕು ಬಿದ್ದಾಗ ಅವನು ನೋಡುತ್ತಿದ್ದದ್ದು ನನ್ನನ್ನು, ಹಾಗಾಗಿ ನಾನು ಅವನಿಗೆ ಹೊಸಬಳು. ಕಾಕು ನೋಡುತ್ತಿದ್ದದ್ದು ಟಿವಿಯನ್ನು. ಟಿವಿ ಎಂದರೇನೆಂಬುದೇ ಅವರಿಗೆ ಮರೆತುಹೋಗಿತ್ತು!

"ಅಯ್ಯ ಶಿವನ! ಕಿಡಕ್ಯಾಗ ಯಾರೋ ನಿಂತು ನಮ್ಮ ಹುಡುಗೀನ್ನ ನೋಡಾಕತ್ತಾರ! ಕನ್ಯಾ ನೋಡಾಕ ಬಂದಾರಂತ ಮೊದಲ ಹೇಳಬಾರದೇನ್ರೀ?" ಎಂದು ಕಾಕಾನ ಮೇಲೆ ಹರಿಹಾಯ್ದರು.

"ಕಾಕು, ಅದು ಟಿವಿ..."

"ನೀ ಸುಮ್ಮನ ತಲಿ ತಗ್ಗಿಸಿ ಕುಂದರು!"

ಚಾಪೆ ಬಂತು. ನನ್ನ ತಲೆಯ ಮೇಲೆ ಟೊಪ್ಪಿಗೆ ಸಮೇತ ಶಾಲು ಬಂತು. ಟಿವಿಯ ಮುಂದೆ ಅವಲಕ್ಕಿಯ ತಾಟು ಬಂತು.

"ಯಾವೂರ್ರೀ ನಿಮ್ದು?"

"ಕೋಟೆ."

"ನೌಕರಿ?"

"ದ್ವಾರಪಾಲನೆ."

"ಪರ್ಮನೆಂಟ್ ಏನ್ರೀ?"

"ಎಂಟು ಭಾಗಗಳಿಂದ ಇದೇ ಬಾಗಿಲು."

ಕಾಕು ನನ್ನ ಕಿವಿಯಲ್ಲಿ, "ಮನಿ ಬಾಗಲಾ ಬಿಟ್ಟು ಕದಲಂಗಿಲ್ಲಂತ! ಇಂಥಾವ್ರು ಸಿಗಬೇಕಲ್ಲ!" ಎಂದು, ಮತ್ತೆ ಅವನಿಗೆ, "ತ್ರಾಸ ಗೀಸ ಏನೂ ಇಲ್ಲಲ್ಲ?" ಎಂದರು.

"ಆಗಾಗ ತಲೆಗೆ ಪೆಟ್ಟು ಬೀಳುತ್ತದೆ."

"ಸಂಸಾರಂದ್ರ ಅದ ಅಲ್ಲೇನ್ರೀ!" ಎಂದು ಕಾಕು ಕಾಕಾನ ಕಡೆ ನೋಡಿದರು. "ಆದ್ರ ನಿಮ್ಮ ಕಡೆ ಹಿರ್ಯಾರು ಎಲ್ಲೆದಾರ? ಒಬ್ಬರ ಬರೂದು ಪದ್ಧತಿ ಅಲ್ಲ."

ಕಾವಲುಗಾರ ನಾಚಿ ಒಳಗೆ ಓಡಿದ. ಐದು ನಿಮಿಷದಲ್ಲಿ ಇಡೀ ಕೋಟೆ ಬಂದು ಪರದೆಯ ಮುಂದೆ ಸಾಲಾಗಿ ಕೂತಿತು! ರಾಜ, ರಾಣಿ, ಸೇನಾಪತಿ, ಬಿಲ್ಲುಗಾರರು, ಅಡುಗೆಯವನು. ಕೊನೆಯ ಹಂತದವರೆಗೂ ಯಾರಿಗೂ ಮುಖ ತೋರಿಸಬಾರದ ಖಳನಾಯಕ ಕೂಡ ಮುಸುಕು ತೆಗೆದು ಚಕ್ಕಳಮಕ್ಕಳ ಹಾಕಿದ.

"ಹುಡುಗಿಗೆ ಹಾಡಲು ಬರುತ್ತದೆಯೇ?" ಎಂದು ಗುಡುಗಿದ.

"ಬಾಯಿ ಬಿಟ್ಟು ಮಾತಾಡಿದ್ರ ಸಾಕಾಗೇತ್ರಿ!" ಎಂದು ಕಾಕಾ ಟೊಪ್ಪಿಗೆಯ ಹಿಂದಿನಿಂದ ಕೂಗಿದರು. ವಾಯರುಗಳ ನಡುವೆ ಅವರ ಬೆರಳು ಸಿಕ್ಕಿಕೊಂಡಿತ್ತು.

ಗಡಿಯಾರ ಐದೂ ಮುಕ್ಕಾಲು ತೋರಿಸಿತು. ನಾನು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಕೂತೆ. 'ಕೋಟೆಕಳ್ಳ ಒಂಬತ್ತು' ಎಂದು ಬರೆದು ನಿಂತೆ. ಮುಂದಿನ ಪದ ಬರಲಿಲ್ಲ.

"ಏನು ಬರೆಯುತ್ತಿದ್ದೀರಿ?" ಕಾವಲುಗಾರ ಮೆಲ್ಲಗೆ ಕೇಳಿದ.

"ಮೊದಲ ನೋಟ. ನನಗ ಬರವಲ್ದು."

"ನನಗೆ ಬರುತ್ತಿದೆ. ಹೇಳಲೇ?"

ಅವನು ಹೇಳಿದ, ನಾನು ಬರೆದುಕೊಂಡೆ: 'ಎದುರಿಗೆ ಒಬ್ಬ ಯುವತಿ. ನೆತ್ತಿಯ ಮೇಲೆ ಸೀಟಿ. ಕೈಯಲ್ಲಿ ಗುಂಡಿಗಳಿರುವ ಕಪ್ಪು ವಸ್ತು. ಅದನ್ನು ಒತ್ತಿದರೆ ನಮ್ಮಲ್ಲಿ ಯಾರಿಗಾದರೂ ಪೆಟ್ಟಾಗುತ್ತದೆ ಎಂದು ಅವಳು ಯೋಚಿಸಿದ ಹಾಗಿಲ್ಲ. ಆದರೂ ಕೆಟ್ಟವಳಲ್ಲ. ಈಗಷ್ಟೇ ನಮ್ಮ ಕಂದಕದ ನೀರಿನ ಸದ್ದಿಗೆ ತಲೆ ವಾಲಿಸಿದಳು. ಇಲ್ಲಿ ಎಲ್ಲರೂ ಓಡುತ್ತಲೇ ಒಳಗೆ ಹೋಗುತ್ತಾರೆ. ನಿಂತು ಕೇಳಿದವಳನ್ನು ನಾನು ಕಂಡದ್ದು ಇದೇ ಮೊದಲು.'

ನನಗೆ ನಗು ಬಂತು. ಎಷ್ಟು ದಿನಗಳಾಗಿದ್ದವೋ! ನಾನು ನಕ್ಕದ್ದು ನೋಡಿ ರಾಣಿ ನಕ್ಕಳು, ಖಳನಾಯಕ ನಕ್ಕ, ಕಾಕು "ಹುಡುಗಿ ಒಪ್ಪಿದ್ಲು!" ಎಂದು ಸಕ್ಕರೆ ಹಂಚಿದರು. ಆರಕ್ಕೆ ಎರಡು ನಿಮಿಷವಿರುವಾಗ ಬರಹ ಕಳಿಸಿದೆ.

ತಾಸು ಮುಗಿಯುತ್ತಲೇ ಕಾಕುವಿಗೆ ಟಿವಿ ನೆನಪಾಯಿತು. "ಟಿವಿಗೆ ಅವಲಕ್ಕಿ ಯಾವ ಹುಚ್ಚ ಇಟ್ಟಾನ?" ಎಂದು ಕಾಕಾನನ್ನು ಬೈದರು. ಆದರೆ ಕೋಟೆಯವರು ಎದ್ದು ಹೋಗಲಿಲ್ಲ. ಆ ನಡುವೆ ಆಟ ತನ್ನಷ್ಟಕ್ಕೆ ತಾನೇ ಸೇವ್ ಆಗಿ, ಅವರೆಲ್ಲ ಕೂತಲ್ಲೇ ಕಾಯಂ ಆಗಿಬಿಟ್ಟಿದ್ದರು!

ಸೋಮವಾರ ಕೊಪ್ಪದ ಸರ್ ಫೋನು ಮಾಡಿದರು. "ಭಾಳ ತಾಜಾ ಐತ್ರೀ! ಓದುಗರು ಹುಚ್ಚಾಗ್ಯಾರ. ಅಂಕಣ ಪಕ್ಕಾ!"

ಸುಳ್ಳು ಹೇಳಲಾಗಲಿಲ್ಲ. "ಸರ್, ಅದನ್ನ ನಾ ಬರದಿಲ್ಲ. ಕಾವಲುಗಾರ ಹೇಳಿದ್ದು."

ಆ ಕಡೆ ಪತ್ರಿಕೆಯ ಹಾಳೆ ಮಗುಚಿದ ಸದ್ದಾಯಿತು. ಬಳಿಕ, "ಹಂಗಾರ ಹೆಸರು ಅವರದ ಹಾಕೋಣು. ನೀವು ಬರಕೊಂಡು ಕಳಸ್ರಿ" ಎಂದರು.

ಹೀಗೆ ಅಂಕಣ ನಮ್ಮ ಮನೆಯಲ್ಲೇ ಉಳಿಯಿತು. ವಾರಕ್ಕೊಮ್ಮೆ ಅವನು ಹೇಳುತ್ತಾನೆ, ನಾನು ಬರೆದುಕೊಳ್ಳುತ್ತೇನೆ. ನಡುವೆ ಇಬ್ಬರೂ ಸುಮ್ಮನೆ ನೀರಿನ ಸದ್ದು ಕೇಳುತ್ತೇವೆ. ಒಂಬತ್ತನೆಯ ಭಾಗ ಹೇಗಿದೆ ಎಂದು ನೀವು ಕೇಳಬಹುದು. ಬಾಗಿಲು ದಾಟಿ ಒಳಗೆ ಹೋದವರು ಯಾರಾದರೂ ಸಿಕ್ಕರೆ ಕೇಳಿ ತಿಳಿಸುತ್ತೇನೆ.