ಪಕ್ಕದ ಮನೆಯ ಡ್ಯಾನಿಯ ಮಂಡಿ

ಆಟಗಳ ವಿಷಯದಲ್ಲಿ ನನ್ನಷ್ಟು ದಡ್ಡಿ ಇನ್ನೊಬ್ಬಳಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೈಸೂರಿನ ಶಾಲೆಯಲ್ಲಿ, ಓಡಲಾರದವಳೆಂದು ನನ್ನನ್ನು ಸ್ಕೋರ್ ಬರೆಯಲು ಕೂರಿಸುತ್ತಿದ್ದರು. ಅದನ್ನೂ ತಪ್ಪು ಬರೆದು ಎರಡೂ ತಂಡಗಳಿಂದ ಬೈಸಿಕೊಂಡಿದ್ದೇನೆ. ಇಂಥವಳ ಪಕ್ಕದ ಮನೆಗೆ ವೃತ್ತಿಪರ ಐಸ್ ಹಾಕಿ ಆಟಗಾರನೊಬ್ಬ ಬಂದು ಸೇರಿದ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮ್ಯಾಂಚೆಸ್ಟರಿನಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು; ನನ್ನವರು ರಘು ಎಂಜಿನಿಯರ್. ಪಕ್ಕದ ಡ್ಯಾನಿ ಅಮೆರಿಕದವನು. ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಎತ್ತರ.

ತೊಂದರೆ ಶುರುವಾದದ್ದು ಅವನ ಸಾಮಾನಿನಿಂದ. ಪ್ರತಿ ಸೋಮವಾರ ತನ್ನ ಪ್ಯಾಡು, ಗ್ಲೌಸುಗಳನ್ನೆಲ್ಲ ನಮ್ಮಿಬ್ಬರ ನಡುವಿನ ಬೇಲಿಯ ಮೇಲೆ ಒಣಹಾಕುತ್ತಿದ್ದ. ಆ ಬೆವರಿನ ನಾತ ನಮ್ಮ ಅಡುಗೆಮನೆಗೆ ನುಗ್ಗಿ ಇಂಗಿನ ಒಗ್ಗರಣೆಯನ್ನೇ ಸೋಲಿಸುತ್ತಿತ್ತು. ಜಗಳವಾಡಲೆಂದೇ ಹೋದೆ. ಬಾಗಿಲು ತೆರೆದು ನಕ್ಕವನ ಮುಂದಿನ ಎರಡು ಹಲ್ಲು ಇರಲಿಲ್ಲ. “ಅಯ್ಯೋ, ಏನಾಯ್ತು?” ಎಂದೆ. “ಶನಿವಾರ ಕೆಲಸ ಸ್ವಲ್ಪ ಜಾಸ್ತಿ ಇತ್ತು, ಡಾಕ್ಟರ್,” ಎಂದ. ನಾತದ ವಿಷಯ ತಿಳಿದೊಡನೆ ಸಾಮಾನನ್ನೆಲ್ಲ ಶೆಡ್ಡಿಗೆ ಸಾಗಿಸಿ, ಮುಂದಿನ ಭಾನುವಾರದ ಆಟಕ್ಕೆ ಎರಡು ಟಿಕೆಟ್ ನನ್ನ ಕೈಗಿಟ್ಟ.

ಅಂದು ಕಂಡದ್ದನ್ನು ಹೇಗೆ ಹೇಳಲಿ! ನೆಲದ ಮೇಲೆ ಭಾರವಾಗಿ ಹೆಜ್ಜೆಯಿಡುತ್ತಿದ್ದ ಆ ಆಳು ಮಂಜುಗಡ್ಡೆಗೆ ಕಾಲಿಟ್ಟೊಡನೆ ತೂಕವನ್ನೇ ಕಳೆದುಕೊಂಡ. ಚೆಂಡಿನ ಬದಲು ಅವರು ಹೊಡೆಯುವ ಕಪ್ಪು ಬಿಲ್ಲೆ ಎಲ್ಲಿದೆಯೆಂದು ನಾನು ಹುಡುಕುವಷ್ಟರಲ್ಲಿ ಅದು ಅವನ ಕೋಲಿನಿಂದ ಹೊರಟು ಗೋಲಿನೊಳಗಿರುತ್ತಿತ್ತು. ಎದುರಾಳಿಯೊಬ್ಬ ಅವನನ್ನು ನಮ್ಮ ಮುಂದಿನ ಗಾಜಿನ ಗೋಡೆಗೆ ಅಪ್ಪಳಿಸಿದಾಗ ನಾನು ಎದ್ದೇ ನಿಂತೆ.

“ರೀ, ನಾನು ಡಾಕ್ಟರ್ ಅಂತ ಯಾರಿಗಾದ್ರೂ ಹೇಳ್ರೀ!”

“ಕೂತ್ಕೊಳೇ, ಅವನು ಆಗ್ಲೇ ಆ ಕಡೆ ಹೋಗಿ ಗೋಲ್ ಹೊಡೀತಿದಾನೆ,” ಎಂದರು ರಘು.

ಆಮೇಲೆ ಡ್ಯಾನಿ ನಮ್ಮ ಮನೆಯ ಸಾರನ್ನದ ಅಭಿಮಾನಿಯಾದ. ಉಣ್ಣುತ್ತಲೇ ತನ್ನ ಕಥೆ ಹೇಳಿದ. ಕಾಲೇಜಿನಲ್ಲಿದ್ದಾಗ ಅವನು ಊರಿಗೇ ಹೀರೋ. ಗೋಲು ಹೊಡೆದಾಗಲೆಲ್ಲ ಬ್ಯಾಂಡು ಬಾರಿಸುತ್ತಿದ್ದರಂತೆ. ಅಲ್ಲಿಯ ದೊಡ್ಡ ಲೀಗಿನ ತಂಡವೊಂದು ಅವನನ್ನು ಸೇರಿಸಿಕೊಂಡಿತು, ಆದರೆ ಆಡಿಸಲಿಲ್ಲ. ಸಣ್ಣ ಊರುಗಳ ತಂಡಗಳಿಗೆ ಅಟ್ಟಿತು. ಮೂರು ವರ್ಷ ಬಸ್ಸಿನಲ್ಲೇ ಕಳೆದು ಕೊನೆಗೆ ಇಂಗ್ಲೆಂಡಿಗೆ ಬಂದ. “ಬೇಜಾರಾಗಲಿಲ್ವಾ?” ಎಂದು ಕೇಳಿಬಿಟ್ಟೆ. “ಒಂದು ವರ್ಷ ಬೇಜಾರಾಯ್ತು,” ಎಂದ. “ಆದರೆ ಬೆಳಿಗ್ಗೆ ಎದ್ದರೆ ಆಡೋಕೆ ಒಂದು ಜಾಗ ಇದೆಯಲ್ಲ ಡಾಕ್ಟರ್, ಆ ಖುಷಿ ಎದುರು ಬೇಜಾರು ನಿಲ್ಲಲಿಲ್ಲ.” ಬಯಸಿದ ಆಸ್ಪತ್ರೆಯಲ್ಲಿ ಕೆಲಸ ಸಿಗಲಿಲ್ಲವೆಂದು ಆರು ತಿಂಗಳು ಮುಖ ಊದಿಸಿಕೊಂಡಿದ್ದ ನಾನು ಅವನಿಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ನಾಲ್ಕನೆಯ ವರ್ಷ ಅವನ ಮಂಡಿ ಕೈಕೊಟ್ಟಿತು. “ಸೀಸನ್ನಿನ ಕೊನೇ ಆಟ, ಡಾಕ್ಟರ್. ಆಡಬಹುದಾ?” ಎಂದು ಕೇಳಿದ. ಖಂಡಿತ ಕೂಡದು, ಮುಂದೆ ಮೆಟ್ಟಿಲು ಹತ್ತುವುದೂ ಕಷ್ಟವಾದೀತು ಎಂದು ಅರ್ಧ ಗಂಟೆ ಉಪದೇಶ ಮಾಡಿದೆ. ಪೂರ್ತಿ ಕೇಳಿಸಿಕೊಂಡ, ಥ್ಯಾಂಕ್ಸ್ ಹೇಳಿದ, ಹೋಗಿ ಆಡಿದ.

ಆ ದಿನ ಅವನಿಂದ ಒಂದು ಗೋಲೂ ಬರಲಿಲ್ಲ. ಆದರೆ ತಂಡ ಒಂದೇ ಗೋಲಿನಿಂದ ಮುಂದಿದ್ದ ಕೊನೆಯ ನಿಮಿಷದಲ್ಲಿ, ಎದುರಾಳಿಯೊಬ್ಬ ತಪ್ಪಿಸಿಕೊಂಡು ಗೋಲಿನತ್ತ ಹೊರಟ. ಡ್ಯಾನಿ ಅದೇ ಮಂಡಿಯಲ್ಲಿ ಬೆನ್ನಟ್ಟಿ, ಹೊಡೆತಕ್ಕೆ ಅಡ್ಡಲಾಗಿ ಮೈ ಚೆಲ್ಲಿ ಬಿಲ್ಲೆಯನ್ನು ಎದೆಯಲ್ಲಿ ತಡೆದ. ತಂಡ ಗೆದ್ದಿತು, ಅವನು ಏಳಲಿಲ್ಲ. ಇಬ್ಬರು ಎತ್ತಿ ಕರೆದೊಯ್ಯುವಾಗ ಎದುರು ತಂಡದವರೂ ಸಾಲಾಗಿ ನಿಂತು ಕೋಲುಗಳನ್ನು ಮಂಜುಗಡ್ಡೆಗೆ ತಟ್ಟಿ ಗೌರವ ಸಲ್ಲಿಸಿದರು.

ಮರುದಿನ ಊರುಗೋಲು ಹಿಡಿದು ನಮ್ಮ ಬಾಗಿಲಿಗೆ ಬಂದ. “ನೀವು ಹೇಳಿದ್ದೇ ಸರಿ, ಮಂಡಿ ಹೋಯ್ತು. ಬೈಯಿರಿ,” ಎಂದ. ಬೈಯಲು ಬಾಯಿ ತೆರೆದೆ, ಸ್ವರವೇ ಹೊರಡಲಿಲ್ಲ. “ಬಿಡಬೇಡ ಡ್ಯಾನೀ, ಓಡೋ!” ಎಂದು ಹಿಂದಿನ ದಿನ ಆಟದಲ್ಲಿ ಕಿರುಚಿ ಕಿರುಚಿ ಗಂಟಲು ಕಟ್ಟಿಹೋಗಿತ್ತು. ಅವನು ಗಂಭೀರವಾಗಿ, “ಉಪ್ಪುನೀರಲ್ಲಿ ಮುಕ್ಕಳಿಸಿ, ಎರಡು ದಿನ ಮಾತಾಡಬೇಡಿ,” ಎಂದ. ಒಳಗಿನಿಂದ ರಘು ಇಂಗ್ಲಿಷಿನಲ್ಲಿ ಕೂಗಿದರು: “ಒಂದು ವಾರ ಅಂತ ಬರೆದುಕೊಡಪ್ಪ!”

ಆಪರೇಷನ್ ಆಗಿ, ಡ್ಯಾನಿ ಈಗ ಶೆಫೀಲ್ಡ್ ಕಡೆ ಮಕ್ಕಳಿಗೆ ಆಟ ಕಲಿಸುತ್ತಾನೆ, ಸ್ವಲ್ಪ ಕುಂಟುತ್ತ. ನಾನು ಕೊಟ್ಟದ್ದು ಸರಿಯಾದ ಸಲಹೆಯೇ. ಇಂದಿಗೂ ಅದನ್ನೇ ಕೊಡುತ್ತೇನೆ. ಆದರೆ ಅಪ್ಪಿತಪ್ಪಿ ಅವನು ಅದನ್ನು ಪಾಲಿಸಿಬಿಟ್ಟಿದ್ದರೆ ಎಂದು ನೆನೆದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತದೆ.