ಕಿಟಕಿ ಸೀಟಿನ ಪಣವೂ ಡಾಲರ್ ದಿಗ್ವಿಜಯವೂ

ಕ್ಷೀರಸಾಗರವನ್ನು ತೊರೆದು ಟೀವಿ ಪರದೆಯ ತಳದಲ್ಲಿ ಓಡುವ ಅಂಕಿಗಳ ಮೇಲೆ ವಾಸಮಾಡುತ್ತಿರುವ ಚಂಚಲಾದೇವಿಯೇ, ಒಂದು ಗಳಿಗೆ ನಿಂತು ಈ ಕಥೆಗೆ ಅನುಗ್ರಹಿಸು. ಮತದಾನ ಮುಗಿದು ಎಣಿಕೆ ಆರಂಭವಾಗದ, ಮುಂದಿನ ದೊರೆ ಯಾರೆಂದು ದೊರೆಗಳಿಗೇ ತಿಳಿಯದ, ಸಮೀಕ್ಷಕನೊಬ್ಬ ಸೀನಿದರೂ ಅಪಶಕುನವೆಂದು ಷೇರುಪೇಟೆ ಹೊರಟ ಹೆಜ್ಜೆಯನ್ನು ಹಿಂದಿಡುತ್ತಿದ್ದ ಆ ಸಂದಿಗ್ಧಯುಗದಲ್ಲಿ, ಹುಬ್ಬಳ್ಳಿಯೆಂಬ ಧೂಳೀಧೂಸರಿತ ಮಹಾನಗರಿಯಲ್ಲಿ ಮಡಿವಾಳೆಪ್ಪ ಶಿರಗುಪ್ಪಿಯೆಂಬ ವೀರನಿದ್ದನು. ಸಂಜೆ ಕಾಲೇಜಿನ ವಾಣಿಜ್ಯಪದವೀಧರನೂ, ನೀರಿನ ಬಿಲ್ಲಿನ ಕಚೇರಿಯಿಂದ ನಿಷ್ಕಳಂಕನಾಗಿ ನಿವೃತ್ತನಾದವನೂ, ಹಾಕಿದ ಬೀಗವನ್ನು ಮೂರು ಸಲ ಜಗ್ಗಿ ನೋಡುವ ಸಂಶಯಸಾಗರಮಗ್ನನೂ, ಪಂಚಾಂಗವನ್ನು ಕೇಳದೆ ಗಡ್ಡವನ್ನೂ ಕೆರೆಯದ ಆಚಾರವಂತನೂ ಆಗಿದ್ದ ಅವನು, ಹೆಂಡತಿ ಕಸ್ತೂರಿಯೊಡನೆ ಸಿಂಗಪುರಕ್ಕೆ ಹೊರಟಿದ್ದನು. ಜೊತೆಗೆ ಅವಳ ತಂಗಿ ಮಹಾನಂದಾ, ಅವಳ ಗಂಡ ಗದಿಗೆಪ್ಪ. ನಾಲ್ಕು ಟಿಕೀಟಿಗೆ ಸಿಕ್ಕಿದ್ದು ಒಂದೇ ಕಿಟಕಿ. ಮೋಡವನ್ನು ಮೇಲಿನಿಂದ ನೋಡಬೇಕೆಂದು ಫ್ರಾಕು ತೊಡುವ ವಯಸ್ಸಿನಿಂದ ಆಸೆಪಟ್ಟಿದ್ದ ಕಸ್ತೂರಿಗೆ ಆ ಕಿಟಕಿಯೆಂದು ನಿಶ್ಚಯವಾಗಿತ್ತು.

ಆದರೆ ಹೋಳಿಗೆಯೂಟವು ವೀರರಿಗೆ ಎಂದೂ ಒಳ್ಳೆಯದನ್ನು ಮಾಡಿದ್ದಿಲ್ಲ. ಗದಿಗೆಪ್ಪನ ಮನೆಯಲ್ಲಿ ಎಲೆಯ ಮುಂದೆ ಕುಳಿತಾಗ, ಸ್ಟೀಲುಭಾಂಡಗಳ ಅಂಗಡಿಯ ಆ ಅಧಿಪತಿಯು ಗರ್ಜಿಸಿದನು.

“ಅಣ್ಣಾರ, ನಾ ಅಂತೂ ಸಿಂಗಪುರದ ಖರ್ಚಿಗೆ ಎಂಬತ್ನಾಕಕ್ಕ ಅಮೇರಿಕಾ ಡಾಲರ್ ತಗೊಂಡು ತಿಜೋರಿನ್ಯಾಗ ಇಟ್ಟೀನಿ. ಓಟಿನ ರಿಸಲ್ಟ್ ಅಂದ್ರ ಹಳೇ ಹಂಡೆ ಇದ್ದಂಗ. ನೀರು ಹಾಕೂತನಕ ತೂತು ಕಾಣಂಗಿಲ್ಲ.”

ಮಡಿವಾಳೆಪ್ಪನಲ್ಲಿ ಸಂಜೆ ಕಾಲೇಜು ಜಾಗೃತವಾಯಿತು.

“ಗದಿಗೆಪ್ಪಾ, ಭಾಂಡಿ ಮಾರಿದಂಗಲ್ಲೋ ಇದು. ಗಟ್ಟಿ ಸರ್ಕಾರ ಬಂತಂದ್ರ ಹೊರಗಿನವ್ರು ರೊಕ್ಕ ತಂದು ಇಲ್ಲೇ ಸುರೀತಾರ. ರೂಪಾಯಿ ಏರ್ತೈತಿ, ಡಾಲರ್ ಸೋವಿ ಆಗ್ತೈತಿ. ನಾ ರಿಸಲ್ಟ್ ದಿನಾನ ತಗೋತೀನಿ. ನಿನಗಿಂತ ಒಂದ್ ಪೈಸೆ ಹೆಚ್ಚು ಕೊಟ್ಟೆ ಅಂದ್ರ ಕಿಟಕಿ ಸೀಟು ನಿಂದು!”

ಬಡಿಸುತ್ತಿದ್ದ ಕಸ್ತೂರಿಯ ಕೈಯ ತುಪ್ಪದ ಮಿಳ್ಳೆ ಅಂತರಿಕ್ಷದಲ್ಲೇ ನಿಂತಿತು.

“ಸೀಟು ನಂದು, ಪಣಕ್ಕಿಡೋರು ಇವ್ರು! ನಿಮ್ಮ ಕನ್ನಡಕ ಇಡಬೇಕಿತ್ತಿಲ್ರಿ?”

ಎಣಿಕೆಯ ಗುರುವಾರ ಉದಯಿಸಿತು. ಬೆಳಿಗ್ಗೆ ಒಂದು ಪಕ್ಷವು ಜಯಭೇರಿ ಹೊಡೆಯಿತು, ರೂಪಾಯಿ ಎದೆಯುಬ್ಬಿಸಿತು. ಹೊರಡಲು ಎದ್ದಾಗಲೆಲ್ಲ ಮಡಿವಾಳೆಪ್ಪನು ‘ಅವಸರವಾಯಿತೇನೋ’ ಎಂದುಕೊಂಡು ಮತ್ತೆ ಕುಳಿತನು. ಕಡೆಗೆ, ನಡುಹಗಲು ದಾಟಿದ ಮೇಲೆ, ನೀಲಿ ಪ್ಲಾಸ್ಟಿಕ್ ಚೀಲವೆಂಬ ತೂಣೀರವನ್ನು ಬಗಲಿಗೇರಿಸಿ, ಕೊಪ್ಪೀಕರ ರಸ್ತೆಯ ಹಣ ಬದಲಿಸುವ ಅಂಗಡಿಯ ಮೆಟ್ಟಿಲ ಬಳಿ ಪ್ರತ್ಯಕ್ಷನಾದನು. ಒಳಗಿನ ಫಲಕದಲ್ಲಿ ಕೆಂಪಂಕಿಗಳು ಎಂಬತ್ಮೂರು ಅರವತ್ತೆಂದು ಜ್ವಲಿಸುತ್ತಿದ್ದವು. ಫೋನು ಮೊಳಗಿತು, ಆ ಕಡೆ ಕಸ್ತೂರಿ.

“ಎಷ್ಟೈತ್ರಿ?”

“ಎಂಬತ್ಮೂರು ಅರವತ್ತು.”

“ತಗೋರಿ ಮತ್ತ! ಏನ್ ಮುಹೂರ್ತ ನೋಡಾಕತ್ತೀರಿ?”

“ತಡಿ, ಇನ್ನೂ ಇಳಿಯಾಕತ್ತೈತಿ.”

ಹೀಗೆ ತಡೆಯುತ್ತಿರಲಾಗಿ ಗಂಟೆ ಒಂದೂವರೆಯಾಯಿತು. ಗುರುವಾರದ ರಾಹುಕಾಲ ಪ್ರವೇಶಿಸಿತು. ಮೆಟ್ಟಿಲ ಮೇಲಿಟ್ಟಿದ್ದ ಬಲಗಾಲನ್ನು ಕೆಂಡ ತುಳಿದವನಂತೆ ಹಿಂದೆಳೆದುಕೊಂಡನು ನಮ್ಮ ವೀರ.

ಅದೇ ಕ್ಷಣದಲ್ಲಿ ದೂರದ ಯಾವುದೋ ಕ್ಷೇತ್ರದಲ್ಲಿ ಯಾವನೋ ಹಿಂದೆ ಬಿದ್ದನು. ಮುನ್ನಡೆಗಳು ಹಿನ್ನಡೆಗಳಾದವು. ಯಾರಿಗೂ ಬಹುಮತವಿಲ್ಲವೆಂದು ಟೀವಿಯ ಭಟ್ಟಂಗಿಗಳು ಬೊಬ್ಬಿಟ್ಟರು. ಈ ದೇಶದ ಮೇಲಿನ ಪ್ರೇಮದಿಂದಲೇ ಬಂದೆವೆಂದು ಬೆಳಿಗ್ಗೆ ಸಾರಿದ್ದ ವಿದೇಶಿ ಹೂಡಿಕೆದಾರರು ಚಪ್ಪಲಿಯನ್ನೂ ಮೆಟ್ಟದೆ ಡಾಲರ್ ಹೊತ್ತು ಓಡಿದರು. ಷೇರುಪೇಟೆ ಕುಸಿಯಿತು. ಫಲಕದ ಅಂಕಿ ಏರಿತು: ಎಂಬತ್ಮೂರು ಎಂಬತ್ತು, ಎಂಬತ್ನಾಲ್ಕು, ಮತ್ತೂ ಮೇಲೆ.

ಗಾಜಿನ ಹಿಂದಿನ ಗುಮಾಸ್ತನಿಗೆ ಕರುಣೆ ಹುಟ್ಟಿತು. “ಬಿಸಲಾಗ್ ಯಾಕ ನಿಂತೀರಿ? ಒಳಗ ಬರ್ರಿ, ಏರಾಕತ್ತೈತಿ!”

“ಮೂರಕ್ಕ ಬರ್ತೀನಿ. ಈಗ ರಾಹು ಅದಾನ.”

“ಅವಗೂ ಡಾಲರ್ ಬೇಕಂತೇನ್ರಿ?”

ಒಂದೊಂದು ಪೈಸೆ ಏರಿದಾಗಲೂ ಮಡಿವಾಳೆಪ್ಪನ ಕಣ್ಣ ಮುಂದೆ ಕಿಟಕಿಯೊಂದು ಮುಚ್ಚುತ್ತಿತ್ತು. ಒಳಗೆ ಹೋದರೆ ಕುಲಾಚಾರ ಕೆಡುತ್ತದೆ. ಹೊರಗೆ ನಿಂತರೆ ಸಂಸಾರ. ಬೆವರುತ್ತ ನಿಂತೇ ಇದ್ದನು. ರಾಹು ತೊಲಗಿದಾಗ ಅವನು ಐದುನೂರು ಡಾಲರುಗಳನ್ನು ಎಂಬತ್ನಾಲ್ಕು ಮೂವತ್ತರಂತೆ, ಅತ್ಯಂತ ಶುಭವಾದ ಗಳಿಗೆಯಲ್ಲಿ, ಕೊಂಡನು.

ಮನೆಗೆ ಬಂದಾಗ ಗದಿಗೆಪ್ಪ ದಂಪತಿಗಳು ಆಗಲೇ ಸೋಫಾರೂಢರಾಗಿದ್ದರು. ಮಡಿವಾಳೆಪ್ಪ ತಲೆ ತಗ್ಗಿಸಿ ದರ ಹೇಳಿದನು. ಕಸ್ತೂರಿ ಬೈಯಲಿಲ್ಲ. ಚಹಾದ ಕಪ್ಪನ್ನು ಅವನ ಮುಂದಿಟ್ಟು ಮೆಲ್ಲಗೆ ಅಂದಳು:

“ಇರ್ಲಿ ಬಿಡ್ರಿ. ಮೋಡ ಕೆಳಗಿಂದನೂ ಕಾಣ್ತಾವ.”

ರಾಹುವೂ ಮಾಡದಿದ್ದ ಗಾಯವನ್ನು ಆ ಮಾತು ಮಾಡಿತು.

ಗದಿಗೆಪ್ಪನಾದರೋ ಎದ್ದು ನಿಂತು ಮೀಸೆಯ ಮೇಲೆ ಕೈಯಿಟ್ಟನು. “ಅಣ್ಣಾರ, ಮಾತಂದ್ರ ಮಾತು! ಕಿಟಕಿ ನಂದು! ಇಡೀ ಸಮುದ್ರ ನಾ ನೋಡ್ತೀನಿ…”

“ಏನ್ ನೋಡ್ತೀರಿ?” ಮಹಾನಂದಾ ಬಾಯಿ ಹಾಕಿದಳು. “ಧಾರವಾಡದ ಬಸ್ಸಿನ್ಯಾಗ ಕಿಟಕಿ ಕಡೆ ಕುಂತ್ರ ನವಲೂರು ಬರೂದ್ರೊಳಗ ವಾಂತಿ ಮಾಡ್ಕೋತೀರಿ. ಮಾಮಾರ, ಆ ಕಿಟಕಿ ಅಕ್ಕಗ ಇರ್ಲಿ. ಇವ್ರಿಗೆ ಪಾಯಖಾನೆ ಹತ್ರ ಒಂದ್ ಸೀಟ್ ಸಿಕ್ರ ನೋಡ್ರಿ. ಜೊತಿಗೆ ನಾನೂ ಕೂಡ್ತೀನಿ, ನಿಂಬಿಹಣ್ಣು ಹಿಡಕೊಂಡು.”

ದಿಗ್ವಿಜಯಿಯು ಮೀಸೆಯಿಂದ ಕೈ ತೆಗೆದು ಚಹಾ ಕುಡಿದನು.

ಅಂದು ಸಂಜೆ ಜನ್ಮವೈರಿ ಪಕ್ಷಗಳೆರಡು ತಬ್ಬಿಕೊಂಡು ಸರ್ಕಾರವಾದವು. ಮರುದಿನ ರೂಪಾಯಿ, ಏನೂ ನಡೆದೇ ಇಲ್ಲವೆಂಬಂತೆ, ಎಂಬತ್ನಾಲ್ಕಕ್ಕೆ ಮರಳಿ ಕಾಲು ಚಾಚಿತು. ಇಷ್ಟೆಲ್ಲ ಸಂಗ್ರಾಮದಲ್ಲಿ ವೀರನು ಸಡ್ಡಕನಿಗಿಂತ ಹೆಚ್ಚು ತೆತ್ತದ್ದು ನೂರೈವತ್ತು ರೂಪಾಯಿ.

ವಿಮಾನ ಮೇಲೇರಿದಾಗ ಹಿಂದಿನಿಂದ ನಿಂಬೆಯ ಪರಿಮಳ ತೇಲಿಬಂತು. ಕಸ್ತೂರಿ ಗಾಜಿಗೆ ಹಣೆಯೊತ್ತಿ ಕೂಗಿದಳು: “ನೋಡ್ರೀ, ಹತ್ತಿ ಹಿಂಜಿ ಹರವಿಟ್ಟಂಗ ಐತಿ!”

ಮಡಿವಾಳೆಪ್ಪ ನೋಡಲಿಲ್ಲ. ಕಣ್ಮುಚ್ಚಿ ಗಾಢಚಿಂತನೆಯಲ್ಲಿದ್ದನು: ಮನೆಯ ಬೀಗವನ್ನು ಜಗ್ಗಿದ್ದು ಮೂರು ಸಲವೋ, ಎರಡೇ ಸಲವೋ.