ಸೋಮನಿಂಗನ ಕಿವಿಗೆ ಏನೂ ಆಗಿಲ್ಲ

ಸಿಂದಗಿಯ ಸರಕಾರಿ ಕಚೇರಿಯೊಂದರಲ್ಲಿ ನೌಕರನು ಹಾಜರಿದ್ದಾನೋ ಇಲ್ಲವೋ ಎಂಬುದನ್ನು ಮುಖ ಗುರುತಿಸುವ ಯಂತ್ರವೇ ನಿರ್ಧರಿಸತಕ್ಕದ್ದು. ಈ ವಿಷಯದಲ್ಲಿ ನೌಕರನ ಅಭಿಪ್ರಾಯವನ್ನು ಪರಿಗಣಿಸತಕ್ಕದ್ದಲ್ಲ.

ಯಂತ್ರವು ಹೆಡ್ ಕ್ಲಾರ್ಕ್ ರಾಮಚಂದ್ರರಾಯರ ಫೋಟೊ ತೆಗೆದಾಗ ಅವರ ತಲೆ ಕಪ್ಪಗಿತ್ತು. ಈಗ ಪೂರ್ತಿ ಬೆಳ್ಳಗಾಗಿದೆ. ಹೀಗಾಗಿ ರಾಯರು ದಿನವೂ ಎಲ್ಲರಿಗಿಂತ ಮೊದಲು ಬಂದು ಗೈರುಹಾಜರಾಗುತ್ತಿದ್ದರು. ಹೊಸ ಫೋಟೊ ತೆಗೆಯಿರೆಂದು ಬೇಡಿಕೊಂಡರು. ವಯಸ್ಸಾಗುವುದು ನೌಕರನ ಖಾಸಗಿ ವಿಷಯವೆಂದು ಅರ್ಜಿ ವಾಪಸಾಯಿತು. ನಿವೃತ್ತಿ ಹತ್ತಿರ ಬಂದಿತ್ತು. ಪಿಂಚಣಿಗೇ ಕುತ್ತು ಬಂತಲ್ಲ ಎಂದು ರಾಯರಿಗೆ ನಿದ್ದೆ ಹತ್ತದಾಯಿತು. ತಲೆಗೆ ಬಣ್ಣ ಹಚ್ಚೋಣವೆಂದರೆ ಸಿಕ್ಕಸಿಕ್ಕದ್ದು ಅವರ ಮೈಗೆ ಒಗ್ಗುತ್ತಿರಲಿಲ್ಲ.

ಕಚೇರಿಯ ಮುಖ್ಯಸ್ಥೆ ಜಯಮಾಲಾ ಮೇಡಂ ಕನಿಕರಪಟ್ಟು 'ಸುರಕ್ಷಿತ ಕೇಶವರ್ಣ ಸಾಮಗ್ರಿ ಆಯ್ಕೆ ಸಮಿತಿ' ರಚಿಸಿದರು. ಸಮಿತಿಯು ಬಣ್ಣ ಕಲಸಲು ಲೋಹದ ಬಟ್ಟಲನ್ನು ತಿರಸ್ಕರಿಸಿ ಪ್ಲಾಸ್ಟಿಕ್ಕಿನದನ್ನು ಆರಿಸಿತು. ಕೈಗವಸು ಕಡ್ಡಾಯವೆಂದು ಬಣ್ಣದ ಪೊಟ್ಟಣದ ಮೇಲೆ ಇದ್ದುದರಿಂದ ಸದಸ್ಯರೆಲ್ಲರೂ ಕೈಗವಸು ಹಾಕಿಕೊಂಡೇ ನಡಾವಳಿಗೆ ಸಹಿ ಮಾಡಿದರು.

ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಎರಡು ದಿನ ಕಾಯಬೇಕೆಂದೂ ಪೊಟ್ಟಣ ಹೇಳುತ್ತಿತ್ತು. ರಾಯರು ಕಿವಿ ಮುಂದೆ ಮಾಡಿದರು.

"ಫಲಾನುಭವಿ ತನ್ನ ಪರೀಕ್ಷಾ ತಾನ ಮಾಡ್ಕೊಳ್ಳಾಕ ಬರೂದಿಲ್ರಿ ರಾಯರ," ಎಂದರು ಮೇಡಂ. "ಮೂರನೇ ವ್ಯಕ್ತಿ ಕಿವಿ ಬೇಕು."

ಜೀಪಿನ ಡ್ರೈವರ್ ಸೋಮನಿಂಗ ಹೊರಗೆ ಚಹಾ ಕುಡಿಯುತ್ತಿದ್ದ. ಅವನ ಎಡಗಿವಿಯನ್ನು ನೇಮಿಸಿ, ಅದಕ್ಕೆ ಎರಡು ದಿನ ರಜೆ ಕೊಡಲಾಯಿತು. ಉಳಿದ ಸೋಮನಿಂಗ ಜೀಪು ಓಡಿಸಿದ. ಕಿವಿಗೆ ಏನೂ ಆಗಲಿಲ್ಲ. ಬಣ್ಣ ಪಾಸಾಯಿತು.

ರಾಯರು ಹಚ್ಚಿಕೊಂಡರು. ಮರುದಿನ ಅವರ ಮುಖ ಪೂರಿಯಂತೆ ಉಬ್ಬಿತ್ತು. ಯಂತ್ರ ಅವರನ್ನು ಅಪರಿಚಿತರೆಂದಿತು.

"ಮೇಡಂ, ಕಣ್ಣ ತೆರೀಲಿಕ್ಕೆ ಬರವಲ್ದು," ಎಂದರು ರಾಯರು.

"ಬಣ್ಣ ಸುರಕ್ಷಿತ ಐತ್ರಿ. ಬೇಕಾದ್ರ ಸೋಮನಿಂಗನ ಕಿವಿ ನೋಡ್ರಿ."

ಎಲ್ಲರೂ ನೋಡಿದರು. ಕಿವಿ ಚೆನ್ನಾಗಿಯೇ ಇತ್ತು. ತಪ್ಪು ಮುಖದ್ದೇ ಎಂದು ಸಮಿತಿ ತೀರ್ಮಾನಿಸಿತು. ಆದರೆ ಊತವು ಕಚೇರಿಯ ಬಣ್ಣದಿಂದಲೇ ಬಂದದ್ದಾದ್ದರಿಂದ ಖಾಸಗಿಯಲ್ಲ, ಸರಕಾರಿ. ಉಬ್ಬಿದ ಮುಖವನ್ನೇ ರಾಯರ ಅಧಿಕೃತ ಮುಖವೆಂದು ಯಂತ್ರಕ್ಕೆ ತುಂಬಿದರು. ಹಾಜರಿ ಬಿತ್ತು. ರಾಯರಿಗೆ ಸಂತೋಷ ತಡೆಯಲಾಗಲಿಲ್ಲ. ಅದು ಮುಖದಲ್ಲಿ ಕಾಣುವಂತಿರಲಿಲ್ಲ, ಅಷ್ಟೇ.

ಸೋಮನಿಂಗನ ಕಿವಿಗೆ ಬಡ್ತಿ ಶಿಫಾರಸಾಗಿದೆ. ಈಗ ರಾಯರು ಮನೆಯಿಂದ ಹೊರಡುವಾಗ ಹೆಂಡತಿ ರುಕ್ಮಿಣೀಬಾಯಿ ದಿನವೂ ಅವರ ಗಲ್ಲ ಮುಟ್ಟಿ ನೋಡುತ್ತಾರೆ. ಊತ ಕಡಿಮೆಯಾಗಿದ್ದರೆ ಬಿಡುವುದಿಲ್ಲ.

"ಮುಖ ಇಳದದರಿ. ಹಿಂಗ ಹೋದ್ರ ಗೈರುಹಾಜರಿ ಬೀಳ್ತದ," ಎನ್ನುತ್ತಾ ಪ್ಲಾಸ್ಟಿಕ್ ಬಟ್ಟಲು ತರುತ್ತಾರೆ. "ಕೂಡ್ರಿ, ಬಣ್ಣ ಕಲಸ್ತೀನಿ."